ಮೂರು ಸೆಂಟ್ ಟಿಕೆಟ್‌ಗೆ ಹಠ ಹಿಡಿದ ಮೇಯರ್

ಇವತ್ತಿನ ಕತೆ ಪೇಪರ್ ಮಾರುವ ಒಬ್ಬ ಹುಡುಗನಿಂದ ಶುರುವಾಗುತ್ತೆ.

1865. ಅಮೆರಿಕದ ಅಂತರ್ಯುದ್ಧ ಆಗಷ್ಟೇ ಮುಗಿದಿದೆ. ಸೋತ ದಕ್ಷಿಣದ ಕಡೆಯ ಒಂದು ಕುಟುಂಬ, ಕೈಯಲ್ಲಿದ್ದದ್ದೆಲ್ಲಾ ಹೋಗಿ, ವರ್ಜೀನಿಯಾದ ಸ್ಟಾಂಟನ್ ಊರಲ್ಲಿದೆ. ಮನೆಯ ಹುಡುಗ ಟಾಮ್‌ಗೆ ಹನ್ನೊಂದು ವರ್ಷ. ಊರಿಗೆ ಬರೋ ರೈಲಿನ ಕಂಡಕ್ಟರ್‌ಗೆ ಇವನ ಮೇಲೆ ಪ್ರೀತಿ. ಆ ರೈಲಲ್ಲಿ ಪೇಪರ್ ತರೋಕೆ ಇವನೊಬ್ಬನಿಗೇ ಅವಕಾಶ. ಪೈಪೋಟಿಗೆ ಯಾರೂ ಇಲ್ಲ, ಹೇಳಿದ್ದೇ ರೇಟು. ಐದು ವಾರದಲ್ಲಿ 88 ಬೆಳ್ಳಿ ಡಾಲರ್! ಆಮೇಲೆ ಕಂಡಕ್ಟರ್ ಬದಲಾದ, ವ್ಯಾಪಾರವೂ ನಿಂತುಹೋಯ್ತು.

ನಾನು ಬಿ.ಕಾಂ.ನಲ್ಲಿ ಮೊನಾಪೊಲಿ ಅನ್ನೋ ಪಾಠ ಓದಿ, ಗ್ರಾಫ್ ಬಿಡಿಸಿ, ಪರೀಕ್ಷೆ ಮುಗಿದ ಮೇಲೆ ಮರೆತೆ. ಟಾಮ್ ಜಾನ್ಸನ್ ಅದನ್ನ ಐದೇ ವಾರದಲ್ಲಿ ಕಲಿತ, ಜೀವನಪೂರ್ತಿ ಮರೀಲಿಲ್ಲ.

ಮುಂದೆ ಲೂಯಿವಿಲ್‌ನಲ್ಲಿ ಕುದುರೆ ಎಳೆಯೋ ಟ್ರಾಮ್ ಕಂಪನಿಯಲ್ಲಿ ಕೆಲಸ. ಹಾಕಿದ ನಾಣ್ಯ ಗಾಜಿನೊಳಗೆ ಕಾಣುವಂಥ ಹಣದ ಪೆಟ್ಟಿಗೆ ಕಂಡುಹಿಡಿದ. ಅದರ ದುಡ್ಡಿಂದ ಇಂಡಿಯಾನಾಪೊಲಿಸ್, ಆಮೇಲೆ ಕ್ಲೀವ್‌ಲ್ಯಾಂಡ್‌ನಲ್ಲಿ ಟ್ರಾಮ್ ಉದ್ಯಮ. ನಡುವಯಸ್ಸಿಗೆ ಬರುವಷ್ಟರಲ್ಲಿ ದೊಡ್ಡ ಶ್ರೀಮಂತ.

ಈ ವ್ಯವಹಾರ ಹೇಗೆ ನಡೀತಿತ್ತು ನೋಡಿ. ರಸ್ತೆ ಊರಿನದು. ಅದರ ಮೇಲೆ ಹಳಿ ಹಾಕೋ ಹಕ್ಕನ್ನ ನಗರಸಭೆ ಒಂದು ಕಂಪನಿಗೆ ವರ್ಷಗಟ್ಟಲೆ ಬರೆದುಕೊಡುತ್ತೆ. ಊರು ಬೆಳೆದಂತೆ ಪ್ರಯಾಣಿಕರೂ ಬೆಳೀತಾರೆ, ಹಕ್ಕಿನ ಬೆಲೆ ತಾನಾಗಿ ಏರುತ್ತೆ. ಊರು ಬೆಳೆಸಿದವರು ಜನ, ಲಾಭ ಮಾತ್ರ ಕಂಪನಿಗೆ.

ಜಾನ್ಸನ್‌ಗೆ ಇದು ತಪ್ಪು ಅನ್ನಿಸಿದ್ದು ಒಂದು ರೈಲು ಪ್ರಯಾಣದಿಂದ. ಅಲ್ಲಿ ಕೊಂಡ ಹೆನ್ರಿ ಜಾರ್ಜ್ ಅವರ ಪುಸ್ತಕ ಅವರನ್ನ ಹಿಡಿದು ಅಲ್ಲಾಡಿಸಿತು. ಜಾರ್ಜ್ ಅವರ ‘ಪ್ರೋಗ್ರೆಸ್ ಅಂಡ್ ಪಾವರ್ಟಿ’ಯನ್ನ ತಮ್ಮ ವಕೀಲರಿಗೆ ಕೊಟ್ಟು, ಇದರಲ್ಲಿ ತಪ್ಪು ಹುಡುಕಿಕೊಡಿ ಅಂದ್ರು. ವಕೀಲರಿಗೆ ಸಿಗಲಿಲ್ಲ. ಹೆನ್ರಿ ಜಾರ್ಜ್ ಅವರ ಆಪ್ತ ಸ್ನೇಹಿತರಾದ್ರು.

1901ರಲ್ಲಿ ಜಾನ್ಸನ್ ಕ್ಲೀವ್‌ಲ್ಯಾಂಡ್ ಮೇಯರ್ ಆದ್ರು. ಸರ್ಕಸ್ ಥರದ ಡೇರೆ ಹಾಕಿ ಸಭೆ ನಡೆಸೋರು, ವಿರೋಧಿಗಳ ಪ್ರಶ್ನೆಗೂ ಅಲ್ಲೇ ಉತ್ತರ. ಪಾರ್ಕುಗಳಲ್ಲಿದ್ದ ‘ಹುಲ್ಲು ತುಳಿಯಬೇಡಿ’ ಫಲಕ ಕಿತ್ತುಹಾಕಿಸಿದ್ರು. ಯಾವ ಆಸ್ತಿಗೆ ಎಷ್ಟು ಬೆಲೆ ಕಟ್ಟಿದ್ದಾರೆ ಅನ್ನೋ ನಕ್ಷೆಗಳನ್ನ ಜನರೆದುರು ತೂಗುಹಾಕಿಸಿದ್ರು. ಬಡವರ ಮನೆಗೆ ಹೆಚ್ಚು ತೆರಿಗೆ, ದೊಡ್ಡವರ ಆಸ್ತಿಗೆ ಕಮ್ಮಿ ಅನ್ನೋದು ಎಲ್ಲರಿಗೂ ಕಂಡಿತು.

ಆದ್ರೆ ದೊಡ್ಡ ಜಗಳ ಟ್ರಾಮ್ ಟಿಕೆಟ್‌ದು. ಕಂಪನಿ ತಗೋತಿದ್ದದ್ದು ಐದು ಸೆಂಟ್, ಮೇಯರ್ ಅಂದದ್ದು ಮೂರು. ಆ ಧಂಧೆಯ ಒಳಗುಟ್ಟು ಗೊತ್ತಿದ್ದವರಲ್ವಾ, ಸುಮ್ಮನೆ ಹೇಳಿದ್ದಲ್ಲ. ನಗರವೇ ಟ್ರಾಮ್ ನಡೆಸೋಕೆ ಒಹಾಯೊ ಕಾನೂನು ಬಿಡ್ತಿರಲಿಲ್ಲ. ಕೋರ್ಟಿನ ತಡೆಯಾಜ್ಞೆಗಳ ಮೇಲೆ ತಡೆಯಾಜ್ಞೆ. ಕೊನೆಗೆ 1908ರಲ್ಲಿ, ಜನರ ಪರವಾಗಿ ನಡೆಸೋಕೆ ಅಂತಲೇ ಕಟ್ಟಿದ ಮುನಿಸಿಪಲ್ ಟ್ರಾಕ್ಷನ್ ಕಂಪನಿಗೆ ಎಲ್ಲ ಹಳಿಗಳೂ ಗುತ್ತಿಗೆಗೆ ಬಂದವು.

ಗೆದ್ದಾಯ್ತು ಅಂದುಕೊಂಡ್ರಾ? ಇಲ್ಲೇ ಕತೆ ತಿರುಗೋದು. ಹಳೇ ಕಂಪನಿ ನೌಕರರಿಗೆ ಒಪ್ಪಿದ್ದ ಸಂಬಳ ಏರಿಕೆಯನ್ನ ಹೊಸ ಕಂಪನಿ ಒಪ್ಪಲಿಲ್ಲ. ಕೆಲವೇ ವಾರದಲ್ಲಿ ಮುಷ್ಕರ, ಗಲಭೆ. ಖರ್ಚು ತಗ್ಗಿಸೋಕೆ ಹೋಗಿ ಪ್ರಯಾಣಿಕರೂ ಬೇಸತ್ತರು. ಅದೇ ಅಕ್ಟೋಬರ್‌ನಲ್ಲಿ ಜನಮತ ಕೇಳಿದಾಗ ಯೋಜನೆ ಕೂದಲೆಳೆಯ ಅಂತರದಲ್ಲಿ ಬಿದ್ದುಹೋಯ್ತು. 1909ರ ಚುನಾವಣೆಯಲ್ಲಿ ಮೇಯರೂ ಸೋತರು.

ಈ ಭಾಗ ಓದುವಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ನಂಗೆ ಅವರನ್ನ ಹೀರೋ ಮಾಡೋ ಆಸೆ ಇತ್ತು. ಆದ್ರೆ ಟಿಕೆಟ್ ದರ ಇಳಿಸಿದಾಗ ಆ ಕಮ್ಮಿಯಾದ ಎರಡು ಸೆಂಟ್ ಎಲ್ಲಿಂದಲಾದ್ರೂ ಬರಲೇಬೇಕು. ಲಾಭದಿಂದ ಬಂದ್ರೆ ನ್ಯಾಯ, ಕಂಡಕ್ಟರ್ ಸಂಬಳದಿಂದ ಬಂದ್ರೆ? ಒಬ್ಬ ಕಂಡಕ್ಟರ್ ಕೃಪೆಯಿಂದ ಮೊದಲ ದುಡ್ಡು ಕಂಡ ಮನುಷ್ಯ ಕೊನೆಗೆ ಕಂಡಕ್ಟರ್‌ಗಳ ಸಿಟ್ಟಿಗೇ ಸಿಕ್ಕಿಬಿದ್ದರು.

ಅಷ್ಟರಲ್ಲಿ ಅವರ ಆಸ್ತಿ ಕರಗಿತ್ತು, ಯೂಕ್ಲಿಡ್ ಅವೆನ್ಯೂದ ಬಂಗಲೆ ಬಿಟ್ಟು ಚಿಕ್ಕ ಅಪಾರ್ಟ್‌ಮೆಂಟ್ ಸೇರಿದ್ರು. ಆದ್ರೆ 1910ರಲ್ಲಿ ಬಂದ ಹೊಸ ಒಪ್ಪಂದ ನೋಡಿ: ಕಂಪನಿಗೆ ಶೇಕಡಾ 6ರಷ್ಟೇ ಆದಾಯ, ಟಿಕೆಟ್ ಶುರುವಾಗೋದು ಮೂರು ಸೆಂಟ್‌ನಿಂದ. ಮೇಯರ್ ಸೋತರು, ಅವರ ಲೆಕ್ಕ ಗೆದ್ದಿತು. ಮರುವರ್ಷ ಏಪ್ರಿಲ್ 10ರಂದು, 56ನೇ ವಯಸ್ಸಿನಲ್ಲಿ ತೀರಿಕೊಂಡ್ರು. ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ ಹೆನ್ರಿ ಜಾರ್ಜ್ ಅವರ ಪಕ್ಕದಲ್ಲೇ ಸಮಾಧಿ.

ಕ್ಲೀವ್‌ಲ್ಯಾಂಡ್‌ನ ಪಬ್ಲಿಕ್ ಸ್ಕ್ವೇರ್‌ನಲ್ಲಿ ಅವರ ಪ್ರತಿಮೆ ಇದೆ. ಕೈಯಲ್ಲಿರೋದು ವಕೀಲರಿಗೆ ಕೊಟ್ಟಿದ್ದರಲ್ಲ, ಅದೇ ಪುಸ್ತಕ.

ನಾಳೆ ಬಸ್ಸಲ್ಲಿ ಟಿಕೆಟ್ ತಗೊಳ್ಳುವಾಗ ಒಂದ್ಸಲ ಯೋಚಿಸಿ, ಆ ದುಡ್ಡಲ್ಲಿ ಯಾರ ಪಾಲು ಎಷ್ಟು ಅಂತ. ಮುಂದಿನ ಸಂಚಿಕೆಯಲ್ಲಿ ಸಿಗೋಣ.