ರೊಮೇನಿಯಾದಲ್ಲಿ ಗರ್ಭಪಾತ

ರೊಮೇನಿಯಾದಲ್ಲಿ ಗರ್ಭಪಾತವು ಮೊದಲ 14 ವಾರಗಳವರೆಗೆ ಮಹಿಳೆಯ ಕೋರಿಕೆಯ ಮೇರೆಗೆ ಕಾನೂನುಸಮ್ಮತವಾಗಿದೆ. ನಿಷೇಧವು ಗರ್ಭಪಾತಗಳ ಸಂಖ್ಯೆ ಹಾಗೂ ತಾಯಂದಿರ ಮರಣದ ಮೇಲೆ ಬೀರುವ ಪರಿಣಾಮದ ಅಧ್ಯಯನದಲ್ಲಿ ಈ ದೇಶವನ್ನು ಪ್ರಮುಖ ಉದಾಹರಣೆಯಾಗಿ ಪರಿಗಣಿಸಲಾಗುತ್ತದೆ.

ನಿಷೇಧ

1957ರಲ್ಲಿ ಗರ್ಭಪಾತಕ್ಕೆ ಕಾನೂನಿನ ಮಾನ್ಯತೆ ದೊರೆಯಿತು. ಆಧುನಿಕ ಗರ್ಭನಿರೋಧಕಗಳು ವಿರಳವಾಗಿದ್ದುದರಿಂದ, 1965ರ ವೇಳೆಗೆ ಪ್ರತಿ ಜನನಕ್ಕೆ ಸುಮಾರು ನಾಲ್ಕು ಗರ್ಭಪಾತಗಳು ನಡೆಯುತ್ತಿದ್ದವು. ಜನಸಂಖ್ಯೆಯನ್ನು ಹೆಚ್ಚಿಸುವ ಉದ್ದೇಶದಿಂದ ನಿಕೊಲಾಯೆ ಚೌಶೆಸ್ಕು ಸರ್ಕಾರವು 1966ರ ಅಕ್ಟೋಬರ್‌ನಲ್ಲಿ 770ನೇ ಆದೇಶವನ್ನು ಹೊರಡಿಸಿ ಗರ್ಭಪಾತವನ್ನು ನಿಷೇಧಿಸಿತು. 45 ವರ್ಷ ಮೀರಿದವರು, ನಾಲ್ಕು ಮಕ್ಕಳ ತಾಯಂದಿರು, ಅತ್ಯಾಚಾರಕ್ಕೊಳಗಾದವರು ಹಾಗೂ ಪ್ರಾಣಾಪಾಯದಲ್ಲಿದ್ದವರೇ ಮೊದಲಾದ ಕೆಲವರಿಗೆ ಮಾತ್ರ ವಿನಾಯಿತಿಯಿತ್ತು.

ಪರಿಣಾಮ

ಒಟ್ಟು ಫಲವತ್ತತೆಯ ದರವು 1966ರಲ್ಲಿ ಪ್ರತಿ ಮಹಿಳೆಗೆ 1.9 ಮಕ್ಕಳಷ್ಟಿದ್ದು, 1967ರಲ್ಲಿ 3.7ಕ್ಕೆ ಏರಿತು. ಆದರೆ ಮಹಿಳೆಯರು ಗುಟ್ಟಾಗಿ ಗರ್ಭಪಾತ ಮಾಡಿಸಿಕೊಳ್ಳತೊಡಗಿದಂತೆ ಅದು ಮತ್ತೆ ಇಳಿಯಿತು. 1989ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಸುಮಾರು 170 ತಾಯಂದಿರು ಮರಣ ಹೊಂದಿದರು, ಇವುಗಳಲ್ಲಿ ಶೇ. 80ಕ್ಕೂ ಹೆಚ್ಚು ಸಾವುಗಳಿಗೆ ಅಸುರಕ್ಷಿತ ಗರ್ಭಪಾತವೇ ಕಾರಣವಾಗಿತ್ತು. ನಿಷೇಧದ ಅವಧಿಯಲ್ಲಿ ಸುಮಾರು 10,000 ಮಹಿಳೆಯರು ಹೀಗೆ ಪ್ರಾಣ ಕಳೆದುಕೊಂಡರೆಂದು ಅಂದಾಜಿಸಲಾಗಿದೆ.

ನಿಷೇಧದ ರದ್ದತಿ

ಚೌಶೆಸ್ಕು ಆಡಳಿತದ ಪತನದ ನಂತರ, 1989ರ ಡಿಸೆಂಬರ್ 26ರಂದು ನಿಷೇಧವನ್ನು ರದ್ದುಗೊಳಿಸಲಾಯಿತು. 1990ರಲ್ಲಿ ಸುಮಾರು ಹತ್ತು ಲಕ್ಷ ಗರ್ಭಪಾತಗಳು ದಾಖಲಾದರೂ, ತಾಯಂದಿರ ಮರಣ ಪ್ರಮಾಣವು ಅದೇ ವರ್ಷ ಸುಮಾರು ಅರ್ಧಕ್ಕೆ ಇಳಿಯಿತು. ಮುಂದೆ ಗರ್ಭನಿರೋಧಕಗಳ ಬಳಕೆ ಹೆಚ್ಚಿದಂತೆ ಗರ್ಭಪಾತಗಳೂ ಕಡಿಮೆಯಾಗುತ್ತ ಬಂದು, 2010ರ ದಶಕದ ಮಧ್ಯಭಾಗದ ವೇಳೆಗೆ ಅವುಗಳ ವಾರ್ಷಿಕ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು.