ಬೈಲುಕುಪ್ಪೆಯ ನೆರೆಯವರು: ಒಂದು ತಪ್ಪೊಪ್ಪಿಗೆ

2001ರ ಶೈಕ್ಷಣಿಕ ಪ್ರವಾಸಕ್ಕೆ ನನ್ನೊಡನೆ ಬಂದಿದ್ದ ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಈ ಪ್ರಸಂಗ ನೆನಪಿರಬಹುದು. ಸಿಂಗಟಗೆರೆಯಿಂದ ಬೆಳಗಿನ ಜಾವ ಹೊರಟ ನಮ್ಮ ಬಸ್ಸು ಬೈಲುಕುಪ್ಪೆಯನ್ನು ತಲುಪಿದಾಗ, ನಾನು ಎದ್ದು ನಿಂತು, "ಮಕ್ಕಳೇ, ಇದು ಚೀನಾದಿಂದ ಬಂದವರ ಊರು" ಎಂದಿದ್ದೆ. ಸ್ವರ್ಣ ದೇವಾಲಯದ ಅಂಗಳದಲ್ಲಿಯೂ ಅದನ್ನೇ ಹೇಳಿದೆ. ಪಕ್ಕದಲ್ಲಿದ್ದ ವೃದ್ಧ ಲಾಮಾ ಒಬ್ಬರು ನನ್ನ ಬಳಿಗೆ ಬಂದು, ಸ್ಪಷ್ಟ ಕನ್ನಡದಲ್ಲಿ ಮೆಲ್ಲಗೆ, "ಮೇಷ್ಟ್ರೇ, ನಾವು ಚೀನಾದವರಲ್ಲ, ಚೀನಾದಿಂದಾಗಿ ಊರು ಬಿಟ್ಟವರು" ಎಂದರು. ಇತಿಹಾಸ ಬೋಧಿಸುವ ನಾನು ತಲೆತಗ್ಗಿಸಿದೆ. ಆದರೆ ನಿಮ್ಮೆದುರು ತಪ್ಪನ್ನು ತಿದ್ದಿಕೊಳ್ಳಲಿಲ್ಲ. ಆ ಕೆಲಸವನ್ನು ಇಂದು ಮಾಡುತ್ತಿದ್ದೇನೆ.

ಈ ತಪ್ಪು ನನ್ನ ಬಾಲ್ಯದಿಂದಲೇ ಬಂದದ್ದು. ಚಳಿಗಾಲದಲ್ಲಿ ಕಡೂರಿನ ರಸ್ತೆಬದಿಯಲ್ಲಿ ಸ್ವೆಟರ್ ಮಾರುತ್ತಿದ್ದವರನ್ನು ನಾವೆಲ್ಲ 'ಚೀನಾದವರು' ಎಂದೇ ಕರೆಯುತ್ತಿದ್ದೆವು. 1962ರ ಯುದ್ಧದ ಕಹಿ ಹಿರಿಯರ ಮಾತಿನಲ್ಲಿ ಇನ್ನೂ ಉಳಿದಿತ್ತು. ಆ ಯುದ್ಧದ ಸಮಯದಲ್ಲಿ ಅಸ್ಸಾಂ, ಬಂಗಾಳಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಚೀನೀ ಮೂಲದ ಸಾವಿರಾರು ಮಂದಿಯನ್ನು ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಕೂಡಿಹಾಕಲಾಗಿತ್ತು. ಮುಖ ನೋಡಿ ಮನುಷ್ಯರನ್ನು ಅಳೆಯುವುದು ಎಂತಹ ಅನ್ಯಾಯಕ್ಕೆ ದಾರಿ ಮಾಡುತ್ತದೆಂಬುದಕ್ಕೆ ಇದೇ ಸಾಕ್ಷಿ.

1950ರಲ್ಲಿ ಚೀನಾದ ಸೇನೆ ಟಿಬೆಟ್ಟನ್ನು ಪ್ರವೇಶಿಸಿತು. 1959ರ ಮಾರ್ಚ್‌ನಲ್ಲಿ ಲ್ಹಾಸಾದ ದಂಗೆಯ ನಡುವೆ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯವನ್ನು ದಾಟಿದರು. ಹಲವರು ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕೆ ಸೇರಿದರು. ಆಗ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ನೀಡಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು.

ಬಂದವರ ಎದುರಿಗಿದ್ದದ್ದು ಕಾಡು, ಸೆಖೆ ಮತ್ತು ಕಾಡಾನೆಗಳು. ಶೀತಲ ಪ್ರಸ್ಥಭೂಮಿಯಲ್ಲಿ ಬಾರ್ಲಿ ಬೆಳೆದು, ಯಾಕ್ ಮೇಯಿಸಿದವರು ಇಲ್ಲಿ ಗುಡಿಸಲು ಕಟ್ಟಿ, ಮರ ಕಡಿದು, ಮುಸುಕಿನ ಜೋಳ ಬೆಳೆಯಲು ಕಲಿತರು. ಮಳೆ ನಂಬಿ ಬದುಕುವ ನಮ್ಮ ಬಯಲುಸೀಮೆಯ ರೈತರಿಗೆ ಆ ಶ್ರಮದ ಬೆಲೆ ತಿಳಿದೇ ಇದೆ. ಜಮೀನಿನ ಆದಾಯ ಸಾಲದಾದಾಗ ರತ್ನಗಂಬಳಿ ನೇಯ್ದರು, ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರಿದರು.

1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡಿನಲ್ಲಿ ಮತ್ತೊಂದು ನೆಲೆ ಆರಂಭವಾಯಿತು. ಅವರ ನೆರವನ್ನು ದಲೈ ಲಾಮಾ ಅನೇಕ ಬಾರಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಮುಂದೆ ಹುಣಸೂರು, ಕೊಳ್ಳೇಗಾಲ ತಾಲ್ಲೂಕುಗಳಲ್ಲಿಯೂ ನೆಲೆಗಳಾದವು. ಟಿಬೆಟ್ಟಿನ ಮಹಾವಿಹಾರಗಳಾದ ಸೆರಾ ಬೈಲುಕುಪ್ಪೆಯಲ್ಲಿಯೂ, ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡಿನಲ್ಲಿಯೂ ಮರುಹುಟ್ಟು ಪಡೆದವು. ಪೆನೋರ್ ರಿಂಪೋಚೆಯವರು 1963ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ವಿಹಾರದಲ್ಲಿಯೇ, ನಾವು ನೋಡಿದ ಸ್ವರ್ಣ ದೇವಾಲಯ 1999ರಲ್ಲಿ ತೆರೆಯಿತು. ನಮ್ಮ ನೆಲದಿಂದ ಹೊರಟ ಬೌದ್ಧ ಶಾಸ್ತ್ರಪರಂಪರೆ, ತವರಿನಲ್ಲಿ ಕ್ಷೀಣಿಸಿದ ಮೇಲೆ, ಹೀಗೆ ಕರ್ನಾಟಕಕ್ಕೆ ಮರಳಿತು. ಇದು ಅವರು ನಮಗಿತ್ತ ದೊಡ್ಡ ಕಾಣಿಕೆ.

ಇಂದು ಅವರ ಮಕ್ಕಳನೇಕರು ಕೆಲಸ ಅರಸಿ ಹೊರದೇಶಗಳಿಗೆ ಹೋಗುತ್ತಿದ್ದಾರೆ. ನಮ್ಮೂರಿನ ಮಕ್ಕಳೂ ಹಾಗೆಯೇ ಅಲ್ಲವೇ? ದೂರದೂರುಗಳಲ್ಲಿರುವ ನನ್ನ ಶಿಷ್ಯರೇ, ಅಲ್ಲಿ ಯಾರಾದರೂ ನಿಮ್ಮ ಊರನ್ನು ತಪ್ಪಾಗಿ ಹೇಳಿದರೆ ಆ ಲಾಮಾ ನನ್ನನ್ನು ತಿದ್ದಿದಂತೆಯೇ ತಾಳ್ಮೆಯಿಂದ ತಿದ್ದಿರಿ. ಅಂದು ನಾನು ಹೇಳಿದ ಪಾಠವನ್ನು ಮಾತ್ರ ಮರೆತುಬಿಡಿ.