ಕಸಾರಾದಲ್ಲಿ ಸೇರಿಕೊಳ್ಳುವ ಎಂಜಿನ್



ಮುಂಬಯಿಯಿಂದ ನಾಸಿಕದ ಕಡೆಗೆ ರೈಲಿನಲ್ಲಿ ಹೋದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಕಸಾರಾದಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ನೆನಪಿದೆಯೇ? ಚಹಾದವನು ಒಂದು ಸುತ್ತು ಬಂದು ಹೋಗುವಷ್ಟರಲ್ಲಿ ಹಿಂದಿನಿಂದ 'ಧಡ್' ಎಂದು ಏನೋ ತಾಗಿದಂತಾಗುತ್ತದೆ. ಅದು ಬ್ಯಾಂಕರ್ ಎಂಜಿನ್. ಕಸಾರಾದಿಂದ ಇಗತ್ಪುರಿಗೆ ಥಳ್ ಘಾಟಿಯ ಏರು 37 ಅಡಿಗೆ ಒಂದು ಅಡಿಯಷ್ಟು. 1865ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಈ ಹಾದಿಯನ್ನು ತೆರೆಯಿತು. ಮುಂದಿನ ಎಂಜಿನ್ ಒಂದೇ ಎಳೆಯಲಾರದ ಗಾಡಿಗಳಿಗೆ ಹಿಂದಿನಿಂದ ನೂಕುವ ಎಂಜಿನ್‌ಗಳನ್ನು ಇಂದಿಗೂ ಜೋಡಿಸುತ್ತಾರೆ, ಇಗತ್ಪುರಿಯಲ್ಲಿ ಬಿಚ್ಚುತ್ತಾರೆ. ಆ ಗಾಡಿಯನ್ನು ನೋಡಿ ಯಾರೂ 'ಅಯ್ಯೋ, ಸೋಮಾರಿ ಗಾಡಿ' ಎನ್ನುವುದಿಲ್ಲ!

ಈ ಮಾತು ನನಗೆ ಹೊಳೆದದ್ದು ಮೂರು ವರ್ಷದ ಹಿಂದೆ, ಅದೇ ಗಾಡಿಯಲ್ಲಿ ಅಳುಮುಖ ಹಾಕಿಕೊಂಡು ಕೂತಿದ್ದಾಗ. ಇಗತ್ಪುರಿ ದಾಟಿದರೆ ಮುಂದಿನ ಸ್ಟೇಷನ್ ಘೋಟಿ. ಅಕ್ಕಿ ಗಿರಣಿಗಳ ಊರು. ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1646 ಮೀಟರಿನ ಕಳಸೂಬಾಯಿಗೆ ಹೋಗುವವರು ಬಸ್ಸು ಹಿಡಿಯುವ ಊರು. ಕುಂದಾಪುರ ಕಡೆಯ ನನ್ನ ಸೋದರಮಾವ ಅಲ್ಲಿ ಹೆದ್ದಾರಿ ಬದಿಗೆ ಹೋಟೆಲು ಇಟ್ಟು ಮೂವತ್ತು ವರ್ಷದ ಮೇಲಾಯಿತು. ನಾನು ಅಲ್ಲಿಗೆ ಓಡಿದ್ದೇಕೆಂದರೆ, ಆಗ ನಾನಿದ್ದ ಕೆಲಸದಲ್ಲಿ ಮೂರನೆಯ ಮೆಮೊ ಕೈಗೆ ಬಂದಿತ್ತು. ನೇರ ಪ್ರಸಾರದಲ್ಲಿ ಕೇಳುಗರೊಬ್ಬರ ಪತ್ರ ಓದುತ್ತಾ ಓದುತ್ತಾ ಅದರಲ್ಲೇ ಮುಳುಗಿ, ವಾರ್ತೆಗೆ ಫೇಡರ್ ಏರಿಸುವುದನ್ನೇ ಮರೆತಿದ್ದೆ. ಗಡಿಯಾರ ನನ್ನೆದುರಿಗೇ ಇತ್ತು. ನೋಡಿದ್ದೆ ಕೂಡ! ನೋಡಿದ್ದು ತಲೆಗೆ ಇಳಿದಿರಲಿಲ್ಲ, ಅಷ್ಟೇ. ಇನ್ನೊಂದು ಸಲ ಹೀಗಾದರೆ ಕರಾರು ಮುಂದುವರಿಯುವುದಿಲ್ಲ ಎಂದು ಸೌಮ್ಯವಾಗಿಯೇ ಹೇಳಿದ್ದರು. ಅವರದು ತಪ್ಪಲ್ಲ.

ಆಮೇಲೆ ಮನೋವೈದ್ಯರು ನನ್ನ ಶಾಲೆಯ ಪ್ರಗತಿಪತ್ರಗಳನ್ನು ತರಿಸಿ, ಅಮ್ಮನನ್ನು ಕೂರಿಸಿ ಗಂಟೆಗಟ್ಟಲೆ ಕೇಳಿ, ಎಡಿಎಚ್‌ಡಿ ಎಂದರು. ಕನ್ನಡದಲ್ಲಿ ಹೇಳುವುದಾದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. 'ಇದು ಮಕ್ಕಳಿಗೆ ಬರುವುದಲ್ಲವೇ ಡಾಕ್ಟ್ರೇ?' ಎಂದು ಕೇಳಿದೆ. ನೀವೂ ಅದನ್ನೇ ಕೇಳುತ್ತೀರಿ ಎಂದು ಗೊತ್ತು. ಆ ಪ್ರಶ್ನೆಗೆ ಉತ್ತರ ಬೇಕಾದರೆ ಸ್ವಲ್ಪ ಚರಿತ್ರೆಗೆ ಹೋಗಬೇಕು. ಬನ್ನಿ.

ಇದು ಮೊಬೈಲು ಬಂದ ಮೇಲೆ ಹುಟ್ಟಿದ ಹೊಸ ರೋಗ ಎಂದು ಅನೇಕರು ತಿಳಿದಿದ್ದಾರೆ. ಆದರೆ 1775ರಲ್ಲೇ ಜರ್ಮನಿಯ ವೈದ್ಯ ಮೆಲ್ಕಿಯೋರ್ ಆಡಮ್ ವೈಕಾರ್ಡ್ ಗಮನ ನಿಲ್ಲದವರ ಬಗ್ಗೆ ಬರೆದಿದ್ದ. ಅವನು ಸೂಚಿಸಿದ ಚಿಕಿತ್ಸೆಗಳಲ್ಲಿ ಹುಳಿ ಹಾಲು, ತಣ್ಣೀರು ಸ್ನಾನ, ಕುದುರೆ ಸವಾರಿ ಸೇರಿದ್ದವು! 1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿದ. ಮೇಜು ಸರಿಸಿದ ಸದ್ದು, ಯಾರೋ ನಡೆದು ಹೋದದ್ದು, ಇಷ್ಟಕ್ಕೇ ಮನಸ್ಸು ಹಾರಿಹೋಗುವವರಿದ್ದಾರೆ ಎಂದ. ಜೊತೆಗೇ, ವಯಸ್ಸಾದಂತೆ ಇದು ಸಾಮಾನ್ಯವಾಗಿ ತಗ್ಗುತ್ತದೆ ಎಂದೂ ಸೇರಿಸಿದ. ಈ ಕೊನೆಯ ಮಾತು ಮುಂದೆ ಎಷ್ಟು ದುಬಾರಿಯಾಯಿತು ಎಂಬುದನ್ನು ನೋಡುತ್ತಾ ಹೋಗಿ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಮೂರು ಉಪನ್ಯಾಸಗಳನ್ನು ಕೊಟ್ಟ. ಬುದ್ಧಿ ಸರಿಯಿದ್ದೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ವಿವರಿಸಿದ. ಆದರೆ ಅವನು ಅದಕ್ಕೆ ಕೊಟ್ಟ ಹೆಸರು 'ನೈತಿಕ ಹಿಡಿತದ ದೋಷ'. ದೋಷ ಶರೀರದಲ್ಲಿ ಇರಬಹುದೆಂದು ಅವನಿಗೆ ಅನ್ನಿಸಿತ್ತು, ನಿಜ. ಹೆಸರು ಮಾತ್ರ ನೀತಿಗೇ ಅಂಟಿಕೊಂಡಿತು. ನಮ್ಮ ಮನೆಗಳಲ್ಲಿ ಅದಕ್ಕೆ ಬೇರೆ ಹೆಸರುಗಳಿವೆಯಲ್ಲ? ಸೋಮಾರಿ, ಬೇಜವಾಬ್ದಾರಿ, ತಲೆಕೆಟ್ಟದ್ದು. ನನ್ನ ಪ್ರಗತಿಪತ್ರದಲ್ಲಿ ವರ್ಷ ವರ್ಷವೂ ಒಂದೇ ಸಾಲು: ಬುದ್ಧಿಯಿದೆ, ಗಮನವಿಲ್ಲ.

1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧವನ್ನು ಮಕ್ಕಳಿಗೆ ಕೊಟ್ಟು ನೋಡಿದ. ಚುರುಕು ಮಾಡುವ ಔಷಧ ತೆಗೆದುಕೊಂಡ ಹಲವು ಮಕ್ಕಳು ಇನ್ನಷ್ಟು ಕುಣಿಯುವ ಬದಲು ಕೂತು ಪಾಠ ಓದಿದರು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಮೀಥೈಲ್‌ಫೆನಿಡೇಟ್ ತಯಾರಾಯಿತು. ಅದನ್ನು ಮಾಡಿದ ಲಿಯಾಂಡ್ರೊ ಪಾನಿಝಾನ್‌ನ ಹೆಂಡತಿ ರೀಟಾಳ ಹೆಸರಿನಿಂದಲೇ ಅದಕ್ಕೆ 'ರಿಟಾಲಿನ್' ಎಂಬ ಹೆಸರು ಬಂತು.

ಆದರೂ ಕಥೆಯೆಲ್ಲ ಮಕ್ಕಳದ್ದೇ. 1968ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಬಾಲ್ಯದ ಅತಿಚಟುವಟಿಕೆ ಎಂದಿತು, ಹರೆಯದಲ್ಲಿ ಕಡಿಮೆಯಾಗುತ್ತದೆ ಎಂದೂ ಬರೆಯಿತು. ಹಾಗಾದರೆ ಆ ಮಕ್ಕಳು ದೊಡ್ಡವರಾಗಿ ಎಲ್ಲಿ ಹೋದರು? ಗಿರಣಿಗೆ, ಆಫೀಸಿಗೆ, ಹೋಟೆಲಿಗೆ. ಅಲ್ಲಿ ಅವರಿಗೆ ಕಾಯಿಲೆಯ ಹೆಸರಿರಲಿಲ್ಲ, ಬೈಗುಳವಿತ್ತು. 1976ರಲ್ಲಿ ಯೂಟಾದ ಪಾಲ್ ವೆಂಡರ್ ಮತ್ತು ಸಂಗಡಿಗರು ವಯಸ್ಕರಲ್ಲಿ ಇದನ್ನು ಗುರುತಿಸಿ ಚಿಕಿತ್ಸೆ ಮಾಡಿದ ಅಧ್ಯಯನ ಪ್ರಕಟಿಸಿದರು. 1980ರ ಕೈಪಿಡಿಯಲ್ಲಿ ದೊಡ್ಡವರಿಗೆ ಸಿಕ್ಕಿದ್ದು 'ಉಳಿಕೆ' ಎಂಬ ಒಂದು ಸಣ್ಣ ಮೂಲೆ. 1987ರಲ್ಲಿ ಎಡಿಎಚ್‌ಡಿ ಎಂಬ ಈಗಿನ ಹೆಸರು ಬಂತು. 2013ರ ಕೈಪಿಡಿಯಲ್ಲಿ 17 ತುಂಬಿದವರಿಗೆ ಬೇರೆ ಅಳತೆಯೇ ಆಯಿತು: ಮಕ್ಕಳಿಗೆ ಆರು ಲಕ್ಷಣ ಬೇಕಾದಲ್ಲಿ ಇವರಿಗೆ ಐದು ಸಾಕು, ಆದರೆ ಕೆಲವು ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದಿರಬೇಕು. ವೈದ್ಯರು ನನ್ನ ಹಳೆಯ ಪ್ರಗತಿಪತ್ರ ಕೇಳಿದ್ದು ಇದಕ್ಕೇ. ಸದ್ದಿಲ್ಲದೆ ಕಿಟಕಿಯಾಚೆ ನೋಡುತ್ತಾ ಕೂತ ಹುಡುಗಿಯರು ಯಾರ ಕಣ್ಣಿಗೂ ಬೀಳದೆ ಉಳಿದದ್ದೂ ಈ ಚರಿತ್ರೆಯ ಒಂದು ಭಾಗ. ಕುಣಿಯುವ ಹುಡುಗನನ್ನು ಶಾಲೆ ಗಮನಿಸಿತು, ಕನಸು ಕಾಣುವ ಹುಡುಗಿಯನ್ನಲ್ಲ.

ಇನ್ನು ಕೆಲಸದ ಗಡಿಯಾರದ ಮಾತು. ಹೊಲದಲ್ಲಿ ಮಳೆ, ಬಿಸಿಲು, ದನದ ಹಸಿವು ಕೆಲಸಕ್ಕೆ ಕರೆಯುತ್ತಿದ್ದವು. ಗಿರಣಿ ಮತ್ತು ರೈಲು ಬಂದ ಮೇಲೆ ಕರೆಯುವುದು ಸೀಟಿ. 1906ರ ಜನವರಿ 1ರಂದು ದೇಶಕ್ಕೆಲ್ಲ ಒಂದೇ ಸಮಯ ಎಂದು ಸರ್ಕಾರ ಗೊತ್ತುಮಾಡಿದಾಗ ಮುಂಬಯಿಯ ಗಿರಣಿ ಕೆಲಸಗಾರರು ಪ್ರತಿಭಟಿಸಿದರು. ಮುಂಬಯಿ ನಗರಪಾಲಿಕೆಯಂತೂ 39 ನಿಮಿಷ ಹಿಂದಿದ್ದ ತನ್ನ 'ಬಾಂಬೆ ಟೈಮ್' ಅನ್ನು ದಶಕಗಳವರೆಗೂ ಬಿಡಲಿಲ್ಲ. ಇದನ್ನು ಓದಿದ ದಿನ ನಾನು ನಕ್ಕೆ. ನನ್ನ ತಲೆಯಲ್ಲಿ ಓಡುವುದು ಇನ್ನೂ ಅದೇ ಬಾಂಬೆ ಟೈಮ್! ಎಡಿಎಚ್‌ಡಿ ಇರುವವರಿಗೆ ಹೊತ್ತು ಹೋದದ್ದೇ ತಿಳಿಯದಿರುವುದು ತಮಾಷೆಯಲ್ಲ, ಅದು ತೊಂದರೆಯ ಒಂದು ಮುಖ್ಯ ಭಾಗ.

ಈಗ ಮತ್ತೆ ಥಳ್ ಘಾಟಿಗೆ ಬರೋಣ. ಚಾಲಕನ ಗಮನ ತಪ್ಪಿದರೆ ನೂರಾರು ಜೀವಕ್ಕೆ ಅಪಾಯವಿರುವ ಕೆಲಸ ರೈಲಿನದು. 'ಎಚ್ಚರವಾಗಿರಪ್ಪಾ' ಎಂದು ಬುದ್ಧಿ ಹೇಳಿ ರೈಲ್ವೆ ಸುಮ್ಮನಾಯಿತೇ? ಇಲ್ಲ. ಒಳ್ಳೆಯ ಮನುಷ್ಯನೂ ಮರೆಯುತ್ತಾನೆ ಎಂದು ಒಪ್ಪಿಕೊಂಡು, ಅದಕ್ಕೆ ತಕ್ಕಂತೆ ಹಳಿ ಹಾಕಿತು.

ಒಂದು, ಸಿಗ್ನಲ್ ಕಂಡೊಡನೆ ಲೋಕೋ ಪೈಲಟ್ ಮತ್ತು ಸಹಾಯಕ ಇಬ್ಬರೂ ಅದರ ಬಣ್ಣವನ್ನು ಬಾಯಿಬಿಟ್ಟು ಕೂಗಿ ಹೇಳಬೇಕು. ನೋಡಿದ್ದು ತಲೆಗೆ ಇಳಿಯಲಿ ಎಂದು. ಎರಡು, ಒಂದು ನಿಮಿಷದಷ್ಟು ಹೊತ್ತು ಚಾಲಕ ಯಾವ ಗುಂಡಿಯನ್ನೂ ಹಿಡಿಯನ್ನೂ ಮುಟ್ಟದಿದ್ದರೆ ಎಂಜಿನ್ನಿನ ಎಚ್ಚರಿಕೆ ಯಂತ್ರ ದೀಪ ಮಿನುಗಿಸುತ್ತದೆ, ಕೂಗುತ್ತದೆ, ಆಗಲೂ ಮುಟ್ಟದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಮೂರು, ಇಳಿಜಾರಿನಲ್ಲಿ ಹಿಡಿತ ತಪ್ಪಿ ಬರುವ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಲು ಘಾಟಿಯಲ್ಲಿ ಕ್ಯಾಚ್ ಸೈಡಿಂಗ್ ಎಂಬ ಬೇರೆ ಹಳಿಗಳಿವೆ. ನಾಲ್ಕು, ಮೊದಲೇ ಹೇಳಿದ ಬ್ಯಾಂಕರ್.

ಕೇಳುಗರೇ, ನನಗೆ ಕೆಲಸ ಉಳಿಸಿಕೊಟ್ಟದ್ದು ಈ ನಾಲ್ಕೇ. ಈಗ ನಾನು ಪ್ರತಿ ಕ್ಯೂ ಶೀಟಿನ ಸಾಲನ್ನು ಗಟ್ಟಿಯಾಗಿ ಹೇಳಿ, ಬೆರಳಿಟ್ಟು ತೋರಿಸಿ, ಗುರುತು ಹಾಕುತ್ತೇನೆ. ವಾರ್ತೆಗೆ ಎರಡು ನಿಮಿಷ ಮುಂಚೆ ಮಣಿಕಟ್ಟಿನ ಗಡಿಯಾರ ನಡುಗುತ್ತದೆ. ಶಬ್ದವಲ್ಲ, ನಡುಕ, ಏಕೆಂದರೆ ಮೈಕ್ ತೆರೆದಿರುತ್ತದೆ. ಯಾವ ಕೆಲಸಕ್ಕಾದರೂ ನನಗೆ ತೋಚಿದ್ದಕ್ಕಿಂತ ಅರ್ಧದಷ್ಟು ಹೆಚ್ಚು ಹೊತ್ತು ಬರೆದಿಡುತ್ತೇನೆ. ಅದು ನನ್ನ ಕ್ಯಾಚ್ ಸೈಡಿಂಗ್. ಸ್ಕ್ರಿಪ್ಟ್ ಬರೆಯುವ ಬೆಳಿಗ್ಗೆ ಸಹೋದ್ಯೋಗಿಯೊಬ್ಬರು ಎದುರು ಮೇಜಿನಲ್ಲಿ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಾ ಕೂರುತ್ತಾರೆ. ಮಾತಿಲ್ಲ ಕಥೆಯಿಲ್ಲ, ಸುಮ್ಮನೆ ಇರುತ್ತಾರೆ. ಅವರೇ ನನ್ನ ಬ್ಯಾಂಕರ್. ಜೊತೆಗೆ ವೈದ್ಯರು ಬರೆದ ಔಷಧವೂ ಇದೆ. ಎಲ್ಲರಿಗೂ ಔಷಧ ಬೇಕೆಂದಿಲ್ಲ, ಬೇಕಾದವರು ನಾಚಬೇಕಾಗಿಯೂ ಇಲ್ಲ. ಆದರೆ ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಕಾನೂನಿನ ಬಿಗಿ ಹಿಡಿತದಲ್ಲಿರುವ ಔಷಧ. ಯಾರದೋ ಚೀಟಿಯ ಮಾತ್ರೆ ನುಂಗುವ ಕೆಲಸ ದಯವಿಟ್ಟು ಬೇಡ.

ಆಫೀಸಿನಲ್ಲಿ ಹೇಳಬೇಕೇ ಬೇಡವೇ? ಇದು ಕಷ್ಟದ ಪ್ರಶ್ನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ತೊಂದರೆಗಳ ಪಟ್ಟಿಯಲ್ಲಿ ಆಟಿಸಂ ಇದೆ, ಕಲಿಕೆಯ ತೊಂದರೆ ಇದೆ, ಎಡಿಎಚ್‌ಡಿಯ ಹೆಸರಿಲ್ಲ. ಹೀಗಾಗಿ ಕಾಯ್ದೆ ತೋರಿಸಿ ಕೇಳುವುದು ಸುಲಭವಲ್ಲ. ನಾನು ಕಾಯಿಲೆಯ ಹೆಸರಿನಿಂದ ಶುರು ಮಾಡಲಿಲ್ಲ. 'ಸೂಚನೆಗಳನ್ನು ಬಾಯಲ್ಲಿ ಹೇಳುವ ಬದಲು ಬರೆದು ಕೊಡಿ, ತಪ್ಪು ಕಡಿಮೆಯಾಗುತ್ತದೆ' ಎಂದಷ್ಟೇ ಕೇಳಿದೆ. ಅದರಿಂದ ಉಳಿದವರ ತಪ್ಪೂ ಕಡಿಮೆಯಾಯಿತು!

ಮರೆವು ಎಲ್ಲರಿಗೂ ಇದೆ. ಬೀಗದಕೈ ಕಳೆದುಕೊಂಡವರೆಲ್ಲ ತಮಗೆ ಇದೇ ಎಂದುಕೊಳ್ಳಬೇಡಿ. ಬಾಲ್ಯದಿಂದಲೂ ಇದ್ದು, ಮನೆಯಲ್ಲೂ ಕೆಲಸದಲ್ಲೂ ಬದುಕನ್ನು ಕೆಡಿಸುತ್ತಿದ್ದರೆ ಮಾತ್ರ ಮನೋವೈದ್ಯರನ್ನು ಕಾಣಿ. ಎಲ್ಲಿ ಶುರು ಮಾಡುವುದು ಎಂದು ತಿಳಿಯದಿದ್ದರೆ 14416 ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನ. ಕನ್ನಡದಲ್ಲೂ ಮಾತಾಡಬಹುದು.

ಅಂದ ಹಾಗೆ, ಘೋಟಿಯ ಮಾವನ ಕಥೆ ಹೇಳದಿದ್ದರೆ ಇದು ಮುಗಿಯುವುದಿಲ್ಲ. ಆ ದಿನ ನಾನು ಬ್ಯಾಗನ್ನು ರಿಕ್ಷಾದಲ್ಲೇ ಬಿಟ್ಟು ಹೋಟೆಲಿಗೆ ಕಾಲಿಟ್ಟೆ. 'ನಿನ್ ತಲಿ ಎಲ್ಲ್ ಇತ್ತ್ ಮಾರಾಯ್ತಿ?' ಎಂದು ಬೈಯುತ್ತಾ ಮಾವ ಬೀದಿಗೆ ಓಡಿ ಬ್ಯಾಗು ತಂದರು. ಆಮೇಲೆ ಕೂತು ನೋಡುತ್ತೇನೆ, ಮಾವ ಗಲ್ಲಾದಲ್ಲಿ ಕೂರುವುದೇ ಇಲ್ಲ. ಅಲ್ಲಿ ಅತ್ತೆ. ಮಾವ ಒಲೆ, ಹೊರಗಿನ ಮೇಜು, ಮತ್ತೆ ಒಲೆ ಎಂದು ಓಡಾಡುತ್ತಲೇ ಇರುತ್ತಾರೆ. ಗೋಡೌನಿನ ಬೀಗದಕೈ ಉಡಿದಾರಕ್ಕೆ ಕಟ್ಟಿದೆ. ಹಾಲಿನವನ ಲೆಕ್ಕ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದೆ. 'ಕೂತ್ರೆ ನಾನ್ ಹಾಳಾತೆ' ಎಂದು ನಕ್ಕರು. ಯಾವ ಪುಸ್ತಕವನ್ನೂ ಓದದೆ, ತಮ್ಮ ಕೆಲಸದ ಸುತ್ತ ತಾವೇ ಹಳಿ ಹಾಕಿಕೊಂಡಿದ್ದರು.

ವೈದ್ಯರು ಹೇಳಿದ ಮೇಲೆ ಮತ್ತೊಮ್ಮೆ ಹೋಗಿ ಮಾವನಿಗೆ ಎಲ್ಲ ವಿವರಿಸಿದೆ. ಇದು ವಂಶದಲ್ಲಿ ಹರಿಯುವುದೇ ಹೆಚ್ಚು ಎಂದೂ ಹೇಳಿದೆ. ಮಾವ ಬಹಳ ಹೊತ್ತು ಮಾತಾಡಲಿಲ್ಲ. ಕಿಟಕಿಯಾಚೆ ನೋಡಿದ್ದಕ್ಕೆ ಶಾಲೆಯಲ್ಲಿ ಬೆತ್ತದೇಟು ತಿಂದು ತಿಂದು, ಐದನೇ ಕ್ಲಾಸಿಗೇ ಪಾಟಿ ಬಿಸಾಕಿ ಮುಂಬಯಿ ಬಸ್ಸು ಹತ್ತಿದವರು ಅವರು. ಕೊನೆಗೆ ಮೆಲ್ಲನೆ ಕೇಳಿದರು: 'ಹಾಂಗಾರ್ ನಂಗೂ ಅದೇ ಇತ್ತಾ?'

ನನ್ನಿಂದ ಉತ್ತರ ಕೊಡಲಾಗಲಿಲ್ಲ. ಅದನ್ನು ಹೇಳಬೇಕಾದವರು ವೈದ್ಯರು. ಆದರೆ ಅರವತ್ತು ದಾಟಿದ ಮನುಷ್ಯ ಐದನೇ ಕ್ಲಾಸಿನ ಹುಡುಗನ ಪರವಾಗಿ ಮೊದಲ ಸಲ ಕೇಳಿದ ಪ್ರಶ್ನೆ ಅದು. ನಿಮ್ಮ ಆಫೀಸಿನಲ್ಲಿ, ನಿಮ್ಮ ಮನೆಯಲ್ಲಿ ಅಂಥ ಹುಡುಗರು, ಹುಡುಗಿಯರು ಈಗ ದೊಡ್ಡವರಾಗಿ ಕೂತಿರಬಹುದು. ಮುಂದಿನ ಸಲ ಕಸಾರಾದಲ್ಲಿ ಆ 'ಧಡ್' ಸದ್ದು ಕೇಳಿದಾಗ ಅವರನ್ನು ಒಮ್ಮೆ ನೆನೆಯಿರಿ.

ಪತ್ರ ಬರೆಯಿರಿ. ಓದುತ್ತೇನೆ. ಈಗ ವಾರ್ತೆಯ ಹೊತ್ತನ್ನೂ ಮರೆಯುವುದಿಲ್ಲ!